ಬಾಟಲಿಯ ಮುಂದೆ ಮಗುವಿನ ನಗು, ಬೆನ್ನಿಗೆ ಎಳ್ಳಿನಷ್ಟು ಅಕ್ಷರ: ರಾಜ್ಯ ಔಷಧ ನಿಯಂತ್ರಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನಾಮಕರಣಕ್ಕೆ ಉಡುಗೊರೆಯಾಗಿ ಬರುವ ‘ಬೇಬಿ ಗಿಫ್ಟ್ ಸೆಟ್’ ತಮಗೆ ಗೊತ್ತೇ ಇದೆ. ಪ್ಲಾಸ್ಟಿಕ್ ಹಾಳೆಯ ಹಿಂದೆ ಸೋಪು, ಪೌಡರು, ಎಣ್ಣೆ, ಶಾಂಪೂ, ಲೋಷನ್, ಕೆಲವದರಲ್ಲಿ ಕಾಡಿಗೆ ಡಬ್ಬಿಯೂ. ಎಲ್ಲವೂ ಮುಖ ಮುಂದೆ ಮಾಡಿ ಸಾಲಾಗಿ ಕೂತಿರುತ್ತವೆ. ಬೆನ್ನು ನೋಡಬೇಕೆಂದರೆ ಸೆಟ್ಟನ್ನೇ ಹರಿಯಬೇಕು, ಹರಿದದ್ದನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಮಗುವಿನ ಚರ್ಮಕ್ಕೆ ಬೇಕಾದ ಮಾಹಿತಿ ಇರುವುದೆಲ್ಲ ಆ ಬೆನ್ನಿನ ಮೇಲೆ. ಮುಂದಿರುವ ‘ಮೈಲ್ಡ್’, ‘ನ್ಯಾಚುರಲ್’, ‘ಹೈಪೋಅಲರ್ಜೆನಿಕ್’ ಎಂಬ ಮಾತುಗಳಿಗೆ ನಮ್ಮ ಕಾನೂನಿನಲ್ಲಿ ಅಳತೆಗೋಲಿಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು, ಬರೆದುಕೊಳ್ಳುತ್ತಿದ್ದಾರೆ.

ಬೆಂಗಳೂರಿನಲ್ಲಿ ಮಕ್ಕಳ ಚರ್ಮದ ತೊಂದರೆ ನೋಡುವ, ಔಷಧದಂಗಡಿಯ ಕೌಂಟರಿನ ಹಿಂದೆ ನಿಲ್ಲುವ ಕೆಲವರು ಕೂಡಿ ಬರೆದ ಪತ್ರ ಇದು. ಅರ್ಧ ತಮ್ಮ ಇಲಾಖೆಗೆ, ಇನ್ನರ್ಧ ಮಕ್ಕಳಿರುವ ಮನೆಗಳಿಗೆ. ಎರಡನ್ನೂ ಬೇರೆ ಬೇರೆ ಬರೆಯಲು ಆಗಲಿಲ್ಲ. ಮನೆಯವರು ಏನನ್ನು ನೋಡಿ ಕೊಳ್ಳಬೇಕು ಎಂದು ಹೇಳಹೊರಟರೆ, ಅದನ್ನು ನೋಡಲು ಆಗದಂತೆ ಯಾಕಿದೆ ಎಂಬ ಪ್ರಶ್ನೆ ತಾನಾಗಿಯೇ ತಮ್ಮ ಬಾಗಿಲಿಗೆ ಬರುತ್ತದೆ.

ಹಸುಗೂಸಿನ ಚರ್ಮದ ಹೊರಪದರ ದೊಡ್ಡವರದಕ್ಕಿಂತ ಸುಮಾರು ಶೇ 30ರಷ್ಟು ತೆಳು. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರ ಎರಡರಿಂದ ಮೂರರಷ್ಟು. ಹಾಗಾಗಿ ಹಚ್ಚಿದ್ದರಲ್ಲಿ ಒಳಗೆ ಹೋಗುವ ಪಾಲು ಹೆಚ್ಚು, ಹಂಚಿಕೊಳ್ಳಲು ಮೈ ಚಿಕ್ಕದು. ಹುಟ್ಟಿದಾಗ ಚರ್ಮದ ಪಿಎಚ್ (ಹುಳಿ-ಕ್ಷಾರದ ಅಳತೆ, ಇಳಿದಷ್ಟೂ ಹುಳಿ) 7ರ ಆಸುಪಾಸಿನಲ್ಲಿದ್ದು, ಮುಂದಿನ ವಾರಗಳಲ್ಲಿ 5.5ರ ಕಡೆಗೆ ಇಳಿಯುತ್ತದೆ. ಆ ಸಣ್ಣ ಹುಳಿಯೇ ಮಗುವಿನ ಮೊದಲ ಬೇಲಿ. ನಾವು ಮಾಡುವ ತಪ್ಪುಗಳಲ್ಲಿ ಬಹುಪಾಲು ಈ ಬೇಲಿ ಕೀಳುವ ಕೆಲಸವೇ.

ಒಂದು ಲೋಷನ್ ಬಾಟಲಿ ಕೈಗೆತ್ತಿಕೊಳ್ಳಿ. ಮುಂದೆ ಬಾದಾಮಿ, ಕೇಸರಿ, ಹಾಲಿನ ಚಿತ್ರ. ಹಿಂದೆ ತಿರುಗಿಸಿ ‘ಇಂಗ್ರೀಡಿಯೆಂಟ್ಸ್’ ಎಂಬ ಪದ ಹುಡುಕಿ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಇಳಿಯುವ ಕ್ರಮದಲ್ಲೇ ಬರೆಯಬೇಕು, ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಹೇಗೆ ಬೇಕಾದರೂ ಜೋಡಿಸಬಹುದು ಎಂಬುದು ನಿಯಮ. ಮೊದಲ ಐದಾರು ಹೆಸರುಗಳೇ ಬಾಟಲಿಯ ಬಹುಪಾಲು: ನೀರು, ಗ್ಲಿಸರಿನ್, ಮಿನರಲ್ ಆಯಿಲ್ ಅಥವಾ ಯಾವುದೋ ಬೀಜದ ಎಣ್ಣೆ, ಸೀಟೈಲ್ ಆಲ್ಕೊಹಾಲ್. (ಇದು ಮೇಣದಂಥ ಕೊಬ್ಬು, ಸ್ಪಿರಿಟ್ ಅಲ್ಲ. ಹೆಸರು ಕಂಡು ಬೆಚ್ಚಿ ಬಾಟಲಿ ವಾಪಸ್ ಇಡುವವರಿದ್ದಾರೆ.) ಇನ್ನಷ್ಟು ಕೆಳಗೆ ‘ಫೀನಾಕ್ಸಿಎಥನಾಲ್’ ಸಿಗಬಹುದು. ಕೆಡದಂತೆ ಕಾಯುವ ಪದಾರ್ಥ ಅದು, ಶೇ 1 ಮೀರುವಂತಿಲ್ಲ. ಅಲ್ಲಿಗೆ ಪಟ್ಟಿಯಲ್ಲಿ ಅದರ ನಂತರ ಬಂದದ್ದೆಲ್ಲ ಶೇ 1ರೊಳಗೇ ಎಂದಾಯಿತು. ಬಾದಾಮಿ, ಕೇಸರಿ, ಹಾಲು ಆ ಗೆರೆಯ ಕೆಳಗಿದ್ದರೆ, ಅವು ಫೋಟೋಗೆ ಬಂದು ಹೋದ ನೆಂಟರು.

ಹಾಗೆಂದು ಗೆರೆಯ ಕೆಳಗಿರುವುದೆಲ್ಲ ಲೆಕ್ಕಕ್ಕಿಲ್ಲ ಎಂದಲ್ಲ. ಒಗ್ಗದಿಕೆ (ಅಲರ್ಜಿ) ತರುವ ಪದಾರ್ಥಗಳು ಹೆಚ್ಚಾಗಿ ಇರುವುದೇ ಅಲ್ಲಿ. ‘ಪರ್ಫ್ಯೂಮ್’, ‘ಪಾರ್ಫಂ’, ‘ಫ್ರೇಗ್ರೆನ್ಸ್’, ಈ ಒಂದು ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ಯುರೋಪಿನಲ್ಲಿ ಅವುಗಳಲ್ಲಿ ಒಗ್ಗದಿಕೆ ತರುವಂಥವನ್ನು, ತೊಳೆಯದೆ ಹಚ್ಚಿ ಬಿಡುವ ಉತ್ಪನ್ನದಲ್ಲಿ ಶೇ 0.001 ದಾಟಿದರೆ, ಹೆಸರು ಹಿಡಿದು ಬರೆಯಬೇಕು. ನಮ್ಮಲ್ಲಿ ಎಷ್ಟೋ ಬಾಟಲಿಗಳ ಮೇಲೆ ಆ ಒಂದೇ ಪದ ಇರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ, ಇಸುಬು ಇರುವ ಯಾವ ವಯಸ್ಸಿನ ಮಗುವಿಗೂ, ಸುವಾಸನೆ ಇಲ್ಲದ್ದನ್ನೇ ಕೊಳ್ಳಿ. ‘ಅನ್‌ಸೆಂಟೆಡ್’ ಎಂದರೆ ವಾಸನೆ ಮುಚ್ಚಲು ಇನ್ನೊಂದು ವಾಸನೆ ಹಾಕಿರಲೂಬಹುದು. ‘ಫ್ರೇಗ್ರೆನ್ಸ್ ಫ್ರೀ’ ಎಂದಿರಬೇಕು, ಪಟ್ಟಿಯಲ್ಲೂ ಆ ಪದ ಇರಬಾರದು. ಮಗುವಿನ ಮೈಗೆ ಮಗುವಿನದೇ ವಾಸನೆ ಇದೆ, ಅದಕ್ಕೆ ಗುಲಾಬಿ ಯಾಕೆ ಬೇಕೋ ನಮಗಂತೂ ತಿಳಿಯದು.

‘ಪ್ಯಾರಬೆನ್ ಫ್ರೀ’ ಎಂಬ ಮುದ್ರೆಯ ವಿಷಯವೂ ಹೇಳಬೇಕು. ಪ್ಯಾರಬೆನ್‌ಗಳೂ ಕೆಡದಂತೆ ಕಾಯುವ ಪದಾರ್ಥಗಳೇ. ಡೆನ್ಮಾರ್ಕ್ 2011ರಲ್ಲಿ ಮೂರು ವರ್ಷದೊಳಗಿನ ಮಕ್ಕಳ ಉತ್ಪನ್ನಗಳಲ್ಲಿ ಪ್ರೊಪೈಲ್ ಮತ್ತು ಬ್ಯೂಟೈಲ್ ಪ್ಯಾರಬೆನ್ ನಿಲ್ಲಿಸಿತು. ಆ ಎರಡನ್ನು ಬಿಡುವುದರಲ್ಲಿ ಅರ್ಥವಿದೆ. ಆದರೆ ಪ್ಯಾರಬೆನ್ ತೆಗೆದ ಜಾಗಕ್ಕೆ ಏನು ಬಂತು ಎಂದು ಯಾರೂ ಕೇಳುವುದಿಲ್ಲ. ಎಷ್ಟೋ ಕಡೆ ಬಂದದ್ದು ಮೀಥೈಲ್‌ಐಸೋಥಯಜೋಲಿನೋನ್. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ವೈದ್ಯರ ಸಂಘ 2013ರಲ್ಲಿ ಇದನ್ನು ‘ವರ್ಷದ ಅಲರ್ಜಿಕಾರಕ’ ಎಂದು ಕರೆಯಿತು. ಅದೇ ಸಂಘ 2019ರಲ್ಲಿ ಪ್ಯಾರಬೆನ್‌ಗಳನ್ನು ‘ವರ್ಷದ ಅಲರ್ಜಿ ತರದ ಪದಾರ್ಥ’ ಎಂದಿತು. ಯುರೋಪಿನಲ್ಲಿ 2017ರಿಂದ ಹಚ್ಚಿ ಬಿಡುವ ಉತ್ಪನ್ನಗಳಿಗೆ ಮೀಥೈಲ್‌ಐಸೋಥಯಜೋಲಿನೋನ್ ಹಾಕುವಂತಿಲ್ಲ. ಒದ್ದೆ ವೈಪ್ಸ್ ಕೊಳ್ಳುವಾಗ ಈ ಉದ್ದ ಹೆಸರನ್ನು ತಪ್ಪದೆ ಹುಡುಕಿ. ವೈಪ್ಸ್‌ನಿಂದ ಒರೆಸಿದ ಮೇಲೆ ತೊಳೆಯುವುದಿಲ್ಲ, ಒರೆಸಿದ್ದು ಡಯಾಪರ್ ಒಳಗೆ ಮುಚ್ಚಿಕೊಂಡು ಕೂರುತ್ತದೆ. ಮನೆಯಲ್ಲಿರುವಾಗ ಹತ್ತಿ ಮತ್ತು ಉಗುರುಬೆಚ್ಚಗಿನ ನೀರು ಸಾಕು, ವೈಪ್ಸ್ ಪ್ರಯಾಣಕ್ಕಿರಲಿ.

ಕೆಡದಂತೆ ಕಾಯುವ ಪದಾರ್ಥವೇ ಬೇಡ ಎನ್ನುವುದೂ ತಪ್ಪು. ನೀರಿರುವ ಯಾವ ಲೋಷನ್ನೂ ಅದಿಲ್ಲದೆ ಬಚ್ಚಲುಮನೆಯ ಬಿಸಿಯಲ್ಲಿ ಬೂಷ್ಟು ಹಿಡಿಯದೆ ಉಳಿಯದು. ಮುಗಿಯುತ್ತ ಬಂದ ಶಾಂಪೂಗೆ ನೀರು ಬೆರೆಸಿ ವಾರಗಟ್ಟಲೆ ಬಳಸುವ ಅಭ್ಯಾಸ ನಮ್ಮಲ್ಲಿದೆ. ನೀರು ಬೆರೆತೊಡನೆ ಕಾಯುವ ಪದಾರ್ಥ ತೆಳುವಾಗಿ ಸೂಕ್ಷ್ಮಜೀವಿಗಳಿಗೆ ಅನ್ನ ಬಡಿಸಿದಂತಾಗುತ್ತದೆ. ಬೆರೆಸಿದರೆ ಅಂದೇ ಬಳಸಿ, ಉಳಿದದ್ದು ಚೆಲ್ಲಿ. ತೆರೆದ ಡಬ್ಬಿಯ ಚಿತ್ರದೊಳಗೆ ‘6ಎಂ’ ಅಥವಾ ‘12ಎಂ’ ಎಂದಿದ್ದರೆ, ತೆರೆದ ಮೇಲೆ ಅಷ್ಟು ತಿಂಗಳು ಎಂದರ್ಥ. ತೆರೆದ ದಿನಾಂಕವನ್ನು ಪೆನ್ನಿನಲ್ಲಿ ಬರೆದಿಡಿ.

ಇಲ್ಲಿ ಇಲಾಖೆಗೆ ನಮ್ಮ ಮೊದಲ ಮಾತು. 60 ಮಿಲಿಗಿಂತ ಕಡಿಮೆ ದ್ರವ, 30 ಗ್ರಾಂಗಿಂತ ಕಡಿಮೆ ಗಟ್ಟಿ ಅಥವಾ ಅರೆಗಟ್ಟಿ ಪದಾರ್ಥದ ಪ್ಯಾಕಿನ ಮೇಲೆ ಪದಾರ್ಥಗಳ ಪಟ್ಟಿ ಬರೆಯದಿದ್ದರೂ ನಡೆಯುತ್ತದೆ ಎಂಬ ವಿನಾಯಿತಿ ನಿಯಮದಲ್ಲಿದೆ. ದೊಡ್ಡವರ ಸೆಂಟಿನ ಬಾಟಲಿಗೆ ಅದು ಸರಿಯಿರಬಹುದು. ಮಕ್ಕಳ ವಿಷಯದಲ್ಲಿ ಈ ವಿನಾಯಿತಿಯೊಳಗೆ ಬೀಳುವುದು ಯಾವುದು? ಕೆಲವೇ ಗ್ರಾಂ ತೂಗುವ ಕಾಡಿಗೆ ಡಬ್ಬಿ, ಲಿಪ್ ಬಾಮ್, ಎರಡು ರೂಪಾಯಿಯ ಶಾಂಪೂ ಪ್ಯಾಕೆಟ್, ಹುಟ್ಟುಹಬ್ಬದಲ್ಲಿ ಕೆನ್ನೆಗೆ ಬಳಿಯುವ ಬಣ್ಣ. ಹೆಚ್ಚು ಅನುಮಾನ ಪಡಬೇಕಾದವೇ ಹೆಚ್ಚು ಮೌನವಾಗಿವೆ. ನಿಯಮ ಕೇಂದ್ರದ್ದು, ತಿದ್ದುವುದು ತಮ್ಮ ಕೈಯಲ್ಲಿಲ್ಲ, ಒಪ್ಪುತ್ತೇವೆ. ಮಕ್ಕಳ ಉತ್ಪನ್ನಕ್ಕೆ ಈ ವಿನಾಯಿತಿ ಬೇಡವೆಂದು ಕೇಂದ್ರಕ್ಕೆ ಬರೆಯುವುದು ತಮ್ಮ ಕೈಯಲ್ಲಿದೆ. ರಾಜ್ಯದಲ್ಲಿ ಪರವಾನಗಿ ಪಡೆದ ತಯಾರಕರು ಸಣ್ಣ ಪ್ಯಾಕಿನ ಮೇಲೆ ಕ್ಯೂಆರ್ ಕೋಡ್ ಹಾಕಿ ಪೂರ್ತಿ ಪಟ್ಟಿ ತೋರಿಸಲಿ ಎಂದು ಕೇಳುವುದಂತೂ ನಾಳೆಯೇ ಆಗಬಹುದು.

ಭಾಷೆಯದೂ ಒಂದು ಮಾತು. ರಾಜ್ಯದಲ್ಲಿ ತಯಾರಾಗುವ ಸರಕಿನ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕೆಂದು ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿತು. ರಾಸಾಯನಿಕದ ಹೆಸರುಗಳನ್ನು ಅನುವಾದಿಸಿ ಎಂದು ನಾವು ಕೇಳುವುದಿಲ್ಲ, ಅವು ಲೋಕವೆಲ್ಲ ಒಂದೇ ಹೆಸರಿನಲ್ಲಿದ್ದರೇ ಅಲರ್ಜಿ ಇರುವವರಿಗೆ ಗುರುತು ಹತ್ತುವುದು. ಕನ್ನಡದಲ್ಲಿ ಬೇಕಿರುವುದು ನಾಲ್ಕೇ ಸಂಗತಿ: ಯಾವ ವಯಸ್ಸಿನಿಂದ, ಎಷ್ಟು, ಎಲ್ಲಿ ಹಚ್ಚಬಾರದು, ಯಾವಾಗ ಎಸೆಯಬೇಕು. ಅದೂ ಕನ್ನಡಕವಿಲ್ಲದ ಅಜ್ಜಿಗೆ ಕಾಣುವ ಅಕ್ಷರದಲ್ಲಿ. ಮಗುವಿಗೆ ನೀರು ಹಾಕುವವರು ಎಷ್ಟೋ ಮನೆಗಳಲ್ಲಿ ಅವರೇ.

ಸೋಪಿನ ವಿಷಯಕ್ಕೆ ಬರೋಣ. 1918ರಿಂದ ಗಂಧದ ಸೋಪು ಮಾಡುತ್ತ ಬಂದಿರುವ ಊರು ನಮ್ಮದು, ಸೋಪಿನ ಬಗ್ಗೆ ಒಂದಿಷ್ಟು ಜಂಬ ಇರುವುದು ಸಹಜ. ಆದರೆ ‘ಟಿಎಫ್‌ಎಂ ಶೇ 76, ಗ್ರೇಡ್ 1, ಆದ್ದರಿಂದ ಮಗುವಿಗೆ ಮೃದು’ ಎಂಬ ನಂಬಿಕೆ ಕೈಬಿಡಬೇಕು. ಟಿಎಫ್‌ಎಂ ಹೇಳುವುದು ಸೋಪಿನಲ್ಲಿ ಕೊಬ್ಬಿನಾಂಶ ಎಷ್ಟು ಎಂಬುದನ್ನು. ಕ್ಷಾರ ಎಷ್ಟು ಎಂಬುದನ್ನಲ್ಲ. ಕೊಬ್ಬಿಗೆ ಕ್ಷಾರ ಸೇರಿಸಿ ಮಾಡಿದ ನಿಜವಾದ ಸೋಪು ಯಾವುದೇ ಇರಲಿ, ಪಿಎಚ್ 9ರಿಂದ 10.

ನಂಬಿಕೆ ಬಾರದಿದ್ದರೆ ಅಡುಗೆಮನೆಯಲ್ಲೇ ನೋಡಬಹುದು. ಅರಿಶಿನಕ್ಕೆ ಸುಣ್ಣ ಬಿದ್ದರೆ ಓಕುಳಿ ಕೆಂಪಾಗುವುದು ಎಲ್ಲರಿಗೂ ಗೊತ್ತು. ಅದೇ ಲೆಕ್ಕ ಇಲ್ಲಿಯೂ. ಒಂದು ಚಿಟಿಕೆ ಅರಿಶಿನವನ್ನು ಎರಡು ಹನಿ ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಸವರಿ ಒಣಗಿಸಿ. ಕುಡಿಯುವ ನೀರಿನಲ್ಲಿ ಸೋಪು ಉಜ್ಜಿ ಬಂದ ನೊರೆನೀರನ್ನು ಒಂದು ಹನಿ ಅದರ ಮೇಲೆ ಬಿಡಿ. ಹಳದಿ ಕೆಂಗಂದು ಬಣ್ಣಕ್ಕೆ ತಿರುಗಿದರೆ ಅದು ಕ್ಷಾರದ ಸೋಪು, ಹಳದಿಯಾಗಿಯೇ ಉಳಿದರೆ ಅಷ್ಟು ಕ್ಷಾರವಿಲ್ಲ. ‘ಬೇಬಿ’ ಎಂದು ಬರೆದುಕೊಂಡ ಸೋಪುಗಳಲ್ಲೂ ಕಾಗದ ಕೆಂಪಾಗಿಸುವವು ಬೇಕಾದಷ್ಟಿವೆ. ಪಟ್ಟಿಯಲ್ಲಿ ಗುರುತು ಹಿಡಿಯುವುದೂ ಸುಲಭ: ‘ಸೋಡಿಯಂ ಪಾಮೇಟ್’, ‘ಸೋಡಿಯಂ ಪಾಮ್ ಕರ್ನಲೇಟ್’, ‘ಸೋಡಿಯಂ ಟ್ಯಾಲೋಯೇಟ್’ ಎಂದು ಮೊದಲಾದರೆ ಸೋಪು, ‘ಸೋಡಿಯಂ ಕೊಕೊಯಿಲ್ ಐಸೆಥಯೊನೇಟ್’ ಎಂದು ಮೊದಲಾದರೆ ಸೋಪಿಲ್ಲದ ಬಾರ್. ಔಷಧದಂಗಡಿಯವರು ಅದನ್ನು ಸಿಂಡೆಟ್ ಎನ್ನುತ್ತಾರೆ.

ಬೆಂಗಳೂರಿಗೆ ಇದು ಇನ್ನೂ ಮುಖ್ಯವಾಗಲು ಕಾರಣ ನೀರು. ಕಾವೇರಿ ನೀರು ಬರುವ ಮನೆಗೂ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯಂಥ ಕಡೆ ಬೋರ್‌ವೆಲ್ ಟ್ಯಾಂಕರಿನ ಮೇಲೆ ಬದುಕುವ ಅಪಾರ್ಟ್‌ಮೆಂಟಿಗೂ ವ್ಯತ್ಯಾಸವಿದೆ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿಯಾಗಿ ಕಟ್ಟುವುದು ಅದೇ, ಮಗುವಿನ ಕತ್ತಿನ ಮಡಿಕೆಯಲ್ಲಿ ಉಳಿಯುವುದೂ ಅದೇ. ನಲ್ಲಿಯ ಮೂತಿಗೆ ಬಿಳಿ ಉಪ್ಪಿನ ಪೊರೆ ಕಟ್ಟುವ ಮನೆಯಲ್ಲಿ ಸೋಪಿನ ಬದಲು ಸಿಂಡೆಟ್ ಬಳಸಿ, ಕೊನೆಯ ಎರಡು ಚೆಂಬು ನೀರನ್ನು ಮಡಿಕೆಗಳಿಗೆ ಹಾಕಿ. ಇಸುಬು ವಾಸಿಯಾಗುತ್ತದೆಂದು ಸಾವಿರಾರು ರೂಪಾಯಿಯ ವಾಟರ್ ಸಾಫ್ಟ್‌ನರ್ ಮಾತ್ರ ಹಾಕಿಸಬೇಡಿ. ಇಂಗ್ಲೆಂಡಿನಲ್ಲಿ ಇಸುಬಿರುವ ಮಕ್ಕಳ ಮನೆಗೆ ಅದನ್ನು ಹಾಕಿಸಿ ನೋಡಿದ ಪ್ರಯೋಗದಲ್ಲಿ ಹೆಚ್ಚಿನ ಲಾಭ ಸಿಗಲಿಲ್ಲ. ಅದರ ಫಲಿತಾಂಶ 2011ರಲ್ಲೇ ಪ್ರಕಟವಾಗಿದೆ.

ಸ್ನಾನ ಐದರಿಂದ ಹತ್ತು ನಿಮಿಷ, ನೀರು 37–38 ಡಿಗ್ರಿ. ಹಂಡೆಯ ಹಬೆಯಾಡುವ ನೀರಲ್ಲ, ಮೊಣಕೈ ಅದ್ದಿದರೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಎನಿಸಬೇಕು. ಹುಟ್ಟಿದ ಮಗುವಿನ ಮೊದಲ ಸ್ನಾನ 24 ಗಂಟೆಯ ನಂತರ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಡಲೆಹಿಟ್ಟು ಆರೋಗ್ಯದ ಚರ್ಮಕ್ಕೆ ಸವರಿ ತೊಳೆದರೆ ದೊಡ್ಡ ಕೇಡಿಲ್ಲ. ಮೈಮೇಲಿನ ನವಿರು ಕೂದಲು ಹೋಗಲೆಂದು ಹಿಟ್ಟು ಹಾಕಿ ತಿಕ್ಕುವುದು ಕೇಡು. ಆ ಕೂದಲು ತಾನಾಗಿ ಉದುರುತ್ತದೆ, ತಿಕ್ಕಿದರೆ ಉದುರುವುದು ಚರ್ಮ.

ಒರೆಸುವಾಗ ಟವಲ್ ಒತ್ತಿ, ಉಜ್ಜಬೇಡಿ. ಮೂರು ನಿಮಿಷದೊಳಗೆ, ಮೈ ಇನ್ನೂ ತುಸು ತೇವವಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಪ್ರಮಾಣದಲ್ಲಿ ಎಲ್ಲರೂ ಸೋಲುತ್ತಾರೆ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ನಾಲ್ಕೈದು ತಿಂಗಳ ಮಗುವಿನ ಮೈಗೆಲ್ಲ ಅಂಥವು ಎಂಟೂವರೆ, ಅಂದರೆ ನಾಲ್ಕು ಗ್ರಾಂ ಮೇಲೆ. ಒಂದೂವರೆ ವರ್ಷದ ಮಗುವಿಗೆ ಏಳು ಗ್ರಾಂ ಹತ್ತಿರ. ಒಣಚರ್ಮದ ಕೂಸಿಗೆ ದಿನಕ್ಕೆ ಎರಡು ಸಲ ಹಚ್ಚಿದರೆ 100 ಗ್ರಾಂ ಟ್ಯೂಬು ಹನ್ನೆರಡು ದಿನಕ್ಕೆ ಖಾಲಿಯಾಗಬೇಕು. ಮೂರು ತಿಂಗಳಿಂದ ಒಂದೇ ಟ್ಯೂಬು ನಡೆಯುತ್ತಿದ್ದರೆ ಕೆಲಸ ಮಾಡದಿರುವುದು ಕ್ರೀಮಲ್ಲ. ಆದ್ದರಿಂದಲೇ ದುಬಾರಿ ಪುಟ್ಟ ಟ್ಯೂಬಿಗಿಂತ ಕೈಬಿಚ್ಚಿ ಹಚ್ಚಬಹುದಾದ ಅಗ್ಗದ ದೊಡ್ಡ ಡಬ್ಬಿ ಮೇಲು. ಬಿಳಿ ಪೆಟ್ರೋಲಿಯಂ ಜೆಲ್ಲಿಯೂ ಆದೀತು. ಎಣ್ಣೆಯೇ ಬೇಕೆಂದರೆ ಕೊಬ್ಬರಿ ಎಣ್ಣೆ ನಮ್ಮ ಮೊದಲ ಆಯ್ಕೆ, ಸೂರ್ಯಕಾಂತಿ ಎಣ್ಣೆಯೂ ಆಗುತ್ತದೆ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಬೇಡ, ಅವು ಹೊರಪದರವನ್ನು ಸಡಿಲಿಸುತ್ತವೆ. ಇಸುಬಿನಿಂದ ಬಿರಿದ ಚರ್ಮಕ್ಕೆ ಕಡಲೆಕಾಯಿ ಎಣ್ಣೆ, ಬಾದಾಮಿ ಎಣ್ಣೆ ಹಚ್ಚಬೇಡಿ; ಆಹಾರದ ಅಲರ್ಜಿಗೆ ಚರ್ಮವೇ ದಾರಿಯಾಗಬಹುದು. ಮೂಗಿಗೆ ಎಣ್ಣೆ ಬಿಡುವುದನ್ನಂತೂ ಇವತ್ತೇ ನಿಲ್ಲಿಸಿ. ಅದು ಶ್ವಾಸಕೋಶಕ್ಕಿಳಿದು ಎಣ್ಣೆಯ ನ್ಯುಮೋನಿಯಾ ತರುತ್ತದೆ.

ಪೌಡರ್ ಬೇಡ. ಟಾಲ್ಕಿನ ದೂಳು ಉಸಿರಿಗೆ ಹೋಗುತ್ತದೆ. 2024ರ ಜುಲೈನಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಟಾಲ್ಕನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ 2ಎ ಗುಂಪಿಗೆ ಸೇರಿಸಿದೆ. ಬೆವರುಸಾಲೆ ಪೌಡರಿನ ಪಟ್ಟಿಯಲ್ಲಿ ಬೋರಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್ ಇದ್ದರೆ ಮೂರು ವರ್ಷದೊಳಗಿನ ಮಗುವಿನ ಹತ್ತಿರಕ್ಕೂ ತರಬಾರದು. ಬೆವರುಸಾಲೆಗೆ ಮದ್ದು ಒಂದು ಬಟ್ಟೆ ಕಡಿಮೆ ಮಾಡಿ ಫ್ಯಾನ್ ಹಾಕುವುದು. ಮೇ ತಿಂಗಳಲ್ಲೂ ಉಣ್ಣೆ ಟೋಪಿ ಹಾಕಿಸುವ ಬೆಂಗಳೂರಿನ ಅಜ್ಜಿಯರಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಬೇಕು.

ಡಯಾಪರ್ ಜಾಗ ಕೆಂಪಾಗುವುದು ಮೂತ್ರ ಮತ್ತು ಮಲ ಬೆರೆತು ಪಿಎಚ್ ಏರಿ, ಮಲದ ಕಿಣ್ವಗಳು ಚರ್ಮವನ್ನು ಕೊರೆಯುವುದರಿಂದ. ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ದಿನಕ್ಕೆ ಒಂದಷ್ಟು ಹೊತ್ತು ಬರಿಮೈ ಬಿಡಿ. ಜಿಂಕ್ ಆಕ್ಸೈಡ್ ಇರುವ ಪೇಸ್ಟನ್ನು ಗೋಡೆಗೆ ಗಾರೆ ಮೆತ್ತಿದಂತೆ ದಪ್ಪಗೆ ಹಚ್ಚಿ. ಪ್ರತಿ ಸಲವೂ ಪೂರ್ತಿ ಕೆರೆದು ತೆಗೆಯಬೇಡಿ, ಮೇಲಿನ ಕೊಳೆ ಒರೆಸಿ ಅದರ ಮೇಲೆಯೇ ಇನ್ನಷ್ಟು ಹಚ್ಚಿ. ತೊಡೆಸಂದಿಯ ಒಳಮಡಿಕೆಯೂ ಕೆಂಪಾಗಿ ಸುತ್ತ ಚಿಕ್ಕಚಿಕ್ಕ ಗುಳ್ಳೆ ಚೆದುರಿದ್ದರೆ ಅದು ಶಿಲೀಂಧ್ರದ ಸೋಂಕು, ವೈದ್ಯರ ಹತ್ತಿರ ಹೋಗಿ.

ಹೋಗುವ ಬದಲು ಏನಾಗುತ್ತದೆ ಎಂಬುದು ತಮಗೆ ಬರೆಯಲೇಬೇಕಾದ ಸಂಗತಿ. ಮೆಡಿಕಲ್ ಶಾಪಿಗೆ ಹೋಗಿ ‘ಮಗೂಗೆ ಕೆಂಪಾಗಿದೆ, ಏನಾದ್ರೂ ಕೊಡಿ’ ಎಂದರೆ ಕೈಗೆ ಬರುವುದು ಸ್ಟೆರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರೂ ಬೆರೆತ ಪುಟ್ಟ ಟ್ಯೂಬು. ಎರಡು ದಿನದಲ್ಲಿ ಕೆಂಪು ಹೋಗುತ್ತದೆ, ಅಂಗಡಿಯವರ ಮೇಲೆ ನಂಬಿಕೆ ಬರುತ್ತದೆ. ನಿಲ್ಲಿಸಿದೊಡನೆ ಇಮ್ಮಡಿಯಾಗಿ ವಾಪಸ್ ಬರುತ್ತದೆ, ಮತ್ತೆ ಅದೇ ಟ್ಯೂಬು. ಡಯಾಪರ್ ಮುಚ್ಚಿದ ಜಾಗದಲ್ಲಿ ಸ್ಟೆರಾಯ್ಡ್ ಹೀರಿಕೆ ಇನ್ನೂ ಹೆಚ್ಚು. ಚರ್ಮ ಕಾಗದದಂತಾಗುತ್ತದೆ, ಹುಳಕಡ್ಡಿ ಗುರುತು ಸಿಗದ ರೂಪದಲ್ಲಿ ಹರಡುತ್ತದೆ, ಹೆಚ್ಚು ದಿನ ಹಚ್ಚಿದರೆ ಮುಖ ಊದಿ ಬೆಳವಣಿಗೆ ಕುಂಠಿತವಾಗುತ್ತದೆ. ಕ್ಲೋಬೆಟಾಸಾಲ್, ಬೆಕ್ಲೊಮೆಥಾಸೋನ್, ಬೀಟಾಮೆಥಾಸೋನ್, ಮೊಮೆಟಾಸೋನ್, ಕೊನೆಯಲ್ಲಿ ‘ಸೋನ್’ ಅಥವಾ ‘ಸಾಲ್’ ಎಂದು ಕೇಳಿಸಿದರೆ ಚೀಟಿ ಇಲ್ಲದೆ ಹಚ್ಚಬೇಡಿ. ವೈದ್ಯರು ಬರೆದುಕೊಟ್ಟಾಗ, ಹೇಳಿದಷ್ಟು ದಿನ, ಹೆದರದೆ ಹಚ್ಚಿ. ಇಸುಬಿಗೆ ಅದು ಒಳ್ಳೆಯ ಮದ್ದೇ, ಕೆಟ್ಟದ್ದು ಕುರುಡು ಬಳಕೆ.

2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೆರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಇದೆ, ಇನ್‌ಸ್ಪೆಕ್ಟರುಗಳೂ ಇದ್ದಾರೆ. ಅಂಗಡಿಯ ಖರೀದಿ ಲೆಕ್ಕವನ್ನೂ ಚೀಟಿಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟು ಟ್ಯೂಬು ಚೀಟಿ ಇಲ್ಲದೆ ಹೋಗಿದೆ ಎಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಇದೊಂದೇ ವಿಷಯಕ್ಕೆ ತಪಾಸಣೆ ನಡೆಸಿ, ವಾರ್ಡುವಾರು ಫಲಿತಾಂಶ ಪ್ರಕಟಿಸಿ.

ಇನ್ನು ಕಾಡಿಗೆ. ದೃಷ್ಟಿ ತಾಗದಿರಲಿ ಎಂಬ ಆಸೆಯನ್ನು ನಾವು ಗೇಲಿ ಮಾಡುವುದಿಲ್ಲ. ಡಬ್ಬಿಯೊಳಗೆ ಏನಿದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಕೆಲವು ಸುರ್ಮಾ, ಕಾಡಿಗೆಗಳಿಗೆ ಗೆಲೀನಾ ಎಂಬ ಹೊಳೆವ ಕಪ್ಪು ಕಲ್ಲಿನ ಪುಡಿ ಬೆರೆಯುತ್ತದೆ. ಆ ಕಲ್ಲಿನ ತೂಕದಲ್ಲಿ ಸುಮಾರು ಶೇ 86 ಸೀಸ. ಸೌಂದರ್ಯವರ್ಧಕದ ಬಣ್ಣದಲ್ಲಿ ನಮ್ಮ ಕಾನೂನು ಒಪ್ಪುವ ಸೀಸ 20 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಇಪ್ಪತ್ತು ಭಾಗ. ಮಗು ಕಣ್ಣುಜ್ಜುತ್ತದೆ, ಅದೇ ಕೈ ಬಾಯಿಗೆ ಹೋಗುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ರಕ್ತದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾನಿ ಮೆದುಳಿಗೆ, ಅದು ಕಣ್ಣಿಗೆ ಕಾಣದು.

ಹರಳೆಣ್ಣೆ ದೀಪದ ಮಸಿ ಹಿಡಿದು ಮನೆಯಲ್ಲೇ ಮಾಡಿದ ಕಾಡಿಗೆಯಲ್ಲಿ ಈ ಕಲ್ಲಿಲ್ಲ, ನಿಜ. ಆದರೂ ಕಣ್ಣೊಳಗೆ ಬೇಡ. ಉಗುರು ತಾಗಿ ಪಾಪೆಯ ಮೇಲೆ ಗೀರಾಗುತ್ತದೆ, ಮಸಿ ಹೋಗಿ ಕಣ್ಣೀರಿನ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ. ಬೊಟ್ಟು ಇಡಲೇಬೇಕೆಂದರೆ ಮನೆಯ ಕಾಡಿಗೆಯಿಂದ ಅಂಗಾಲಿಗೆ ಇಡಿ. ಐದಾರು ತಿಂಗಳಾದ ಮೇಲೆ ಹೆಬ್ಬೆರಳು ಬಾಯಿಗೆ ಹೋಗತೊಡಗುತ್ತದೆ, ಆಗ ಟೋಪಿಯ ಹಿಂಭಾಗಕ್ಕೆ ಇಟ್ಟರೂ ದೃಷ್ಟಿಗೆ ತಿಳಿದೀತು.

ಸೀಸದ ವಿಷದ ಬಗ್ಗೆ ದೇಶಕ್ಕೆ ತಿಳಿಹೇಳಿದ ಊರು ಬೆಂಗಳೂರು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅದಕ್ಕಾಗಿ ದಶಕಗಳ ಕಾಲ ದುಡಿದರು. ಇದೇ ಊರಿನಲ್ಲಿ ಜಾತ್ರೆ ಅಂಗಡಿಯ, ಬೀದಿಬದಿ ಫ್ಯಾನ್ಸಿ ಸ್ಟೋರಿನ ಹೆಸರಿಲ್ಲದ ಕಾಡಿಗೆ ಡಬ್ಬಿಯನ್ನು ಯಾರೂ ಪರೀಕ್ಷಿಸದಿರುವುದು ಸರಿಯಲ್ಲ. ಲೋಹಗಳನ್ನು ಕ್ಷ-ಕಿರಣದಿಂದ ಗುರುತಿಸುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಡಬ್ಬಿಗೆ ಮುಟ್ಟಿಸಿದರೆ ಸೀಸ ಹೆಚ್ಚಿದೆಯೇ ಎಂದು ಒಂದೆರಡು ನಿಮಿಷದಲ್ಲಿ ಹೇಳುತ್ತದೆ. ಅನುಮಾನ ಬಂದದ್ದನ್ನು ಮಾತ್ರ ಪ್ರಯೋಗಾಲಯಕ್ಕೆ ಕಳುಹಿಸಿದರೆ ಸಾಕು. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳನ್ನು ಪರೀಕ್ಷಿಸಿ ರಾಜ್ಯ ಸರ್ಕಾರ ಅಪಾಯದ ಬಣ್ಣ ನಿಷೇಧಿಸಿತು. ಆ ಚುರುಕು ಮಕ್ಕಳ ಕಾಡಿಗೆ, ಲಿಪ್ ಬಾಮ್, ಮುಖದ ಬಣ್ಣಗಳಿಗೂ ಬರಲಿ.

ಪಾದರಸವೂ ಇದೇ ಸಾಲಿನದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಮೈಬಣ್ಣ ಬಿಳಿ ಮಾಡುವ ಕ್ರೀಮು ಹಚ್ಚಿದವರ ಮೂತ್ರಪಿಂಡ ಕೆಟ್ಟದ್ದು ವರದಿಯಾಯಿತು. ಕ್ರೀಮು ಹಚ್ಚಿದ್ದು ತಾಯಿಯಾದರೂ ಅವಳ ಕೆನ್ನೆ, ದಿಂಬು, ಟವಲಿನಿಂದ ಮಗುವಿಗೂ ಪಾದರಸ ದಾಟುತ್ತದೆ. ತಯಾರಕರ ವಿಳಾಸ, ಬ್ಯಾಚ್ ನಂಬರ್, ಪರವಾನಗಿ ಸಂಖ್ಯೆ ಇಲ್ಲದ, ವಿದೇಶದ್ದಾದರೆ ಆಮದುದಾರರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇಲ್ಲದ ಯಾವುದನ್ನೂ ಕೊಳ್ಳಬೇಡಿ. ಕೊರಿಯಾದ್ದು ಎಂದು ಅಕ್ಷರವೇ ತಿಳಿಯದ ಡಬ್ಬಿ ಮಾರುವವರಿಗೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ನೆಗಡಿಯಾದ ಮಗುವಿನ ಎದೆಗೆ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ, ಕರ್ಚೀಫಿಗೆ ನೀಲಗಿರಿ ಎಣ್ಣೆ: ಎರಡೂ ಫಿಟ್ಸ್ ತರಬಲ್ಲವು. ನೀಲಗಿರಿ ಎಣ್ಣೆಯಿಂದ ಫಿಟ್ಸ್ ಬಂದವರ ಬಗ್ಗೆ ಬೆಂಗಳೂರಿನ ನರರೋಗ ತಜ್ಞರೇ ಬರೆದಿದ್ದಾರೆ. ಎರಡು ವರ್ಷದೊಳಗೆ ಇವು ಬೇಡವೇ ಬೇಡ. ಬೀರುವಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟ ಹಳೆಯ ಕುಲಾವಿ, ದುಪಟಿಗಳನ್ನು ಒಗೆದು ಬಿಸಿಲಿಗೆ ಹರಡದೆ ಹಸುಗೂಸಿಗೆ ಹಾಕಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಗುವಿಗೆ ನ್ಯಾಫ್ತಲೀನಿನಿಂದ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಅಂಥ ಮಗುವಿಗೆ ಮೆಹೆಂದಿಯೂ ಆಗದು. ಬೇಗ ಕಪ್ಪಾಗುವ ‘ಬ್ಲ್ಯಾಕ್ ಮೆಹೆಂದಿ’ ಯಾವ ಮಗುವಿಗೂ ಬೇಡ, ಅದರಲ್ಲಿ ಕೂದಲ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ.

ಸನ್‌ಸ್ಕ್ರೀನ್ ಆರು ತಿಂಗಳೊಳಗೆ ಬೇಡ, ನೆರಳು ಸಾಕು. ಆಮೇಲೆ ಜಿಂಕ್ ಆಕ್ಸೈಡ್ ಇರುವ ಎಸ್‌ಪಿಎಫ್ 30, ಬಿಸಿಲಿನಲ್ಲಿ ಆಡುವಾಗ ಎರಡು ಗಂಟೆಗೊಮ್ಮೆ. ಟೂತ್‌ಪೇಸ್ಟ್ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಷ್ ತುಂಬ ಹಾವಿನಂತೆ ಹರಿಯುವಷ್ಟಲ್ಲ.

ಹತ್ತು ಹನ್ನೆರಡು ವರ್ಷದ ಹುಡುಗಿಯರ ಕಪಾಟಿಗೂ ಒಮ್ಮೆ ಇಣುಕಿ. ರೆಟಿನಾಲ್, ಗ್ಲೈಕೋಲಿಕ್ ಆಸಿಡ್, ವಿಟಮಿನ್ ಸಿ ಸೀರಮ್ ಎಲ್ಲವೂ ನಡುವಯಸ್ಸಿನ ಚರ್ಮಕ್ಕೆ ಮಾಡಿದವು. ಮಕ್ಕಳ ಮುಖ ಉರಿದು ಸಿಪ್ಪೆಯೇಳುತ್ತದೆ, ಅದನ್ನು ಮುಚ್ಚಲು ಮತ್ತೊಂದು ಕ್ರೀಮು ಬರುತ್ತದೆ. ಆ ವಯಸ್ಸಿಗೆ ಸಾದಾ ಕ್ಲೆನ್ಸರ್, ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್, ಮುಗಿಯಿತು.

ಹೊಸದು ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗದಲ್ಲಿ ಐದು ರೂಪಾಯಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಸಲದಂತೆ ಏಳು ದಿನ ಹಚ್ಚಿ ನೋಡಿ. ಒಗ್ಗದಿಕೆ ಕಾಣಿಸಿಕೊಳ್ಳಲು ಎರಡರಿಂದ ನಾಲ್ಕು ದಿನ ಬೇಕಾಗಬಹುದು, ಒಂದೇ ರಾತ್ರಿಯ ಪರೀಕ್ಷೆ ಏನನ್ನೂ ಹೇಳದು. ಕೆಂಪಾದರೆ ನಿಲ್ಲಿಸಿ, ನೀರಿನಿಂದ ತೊಳೆಯಿರಿ, ಬಾಟಲಿ ಎಸೆಯಬೇಡಿ. ಬೆನ್ನಿನ ಫೋಟೋ, ಬ್ಯಾಚ್ ನಂಬರ್, ಬಿಲ್ಲು, ಗುಳ್ಳೆಯ ಫೋಟೋ ಇಟ್ಟುಕೊಳ್ಳಿ. ಮುಖ ಊದಿದರೆ, ಉಸಿರು ಕಟ್ಟಿದರೆ ಫೋಟೋ ಬಿಡಿ, ಆಸ್ಪತ್ರೆಗೆ ಓಡಿ.

ಆ ಫೋಟೋ ಎಲ್ಲಿಗೆ ಕಳುಹಿಸಬೇಕು? ಔಷಧದ ಅಡ್ಡಪರಿಣಾಮಕ್ಕೆ 1800-180-3024 ಸಹಾಯವಾಣಿ ಇದೆ, ಗ್ರಾಹಕರ ದೂರಿಗೆ 1915 ಇದೆ. ಮಗುವಿನ ಲೋಷನ್ನಿನಿಂದಾದ ಗುಳ್ಳೆಗೆಂದೇ ಸುಲಭವಾಗಿ ಸಿಗುವ ಕಿಟಕಿ ಇಲ್ಲ. ತಮ್ಮ ಇಲಾಖೆಯ ವೆಬ್‌ಸೈಟಿನಲ್ಲಿ ಕನ್ನಡದ ಒಂದೇ ಪುಟದ ನಮೂನೆ ಸಾಕು: ಉತ್ಪನ್ನದ ಹೆಸರು, ಬ್ಯಾಚ್, ಎಲ್ಲಿ ಕೊಂಡದ್ದು, ಮಗುವಿನ ವಯಸ್ಸು, ಎಷ್ಟು ದಿನದಲ್ಲಿ ಏನಾಯಿತು, ಎರಡು ಫೋಟೋ. ಒಂದೇ ಬ್ಯಾಚಿನ ಮೇಲೆ ಮೂರು ದೂರು ಬಂದರೆ ಮಾದರಿ ಎತ್ತಿ ಪರೀಕ್ಷಿಸಿ, ಫಲಿತಾಂಶ ಏನೇ ಬರಲಿ ಅದೇ ಪುಟದಲ್ಲಿ ಹಾಕಿ. ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳಿಗೂ ಒಂದು ಪತ್ರ ಹೋಗಲಿ: ಮಕ್ಕಳ ಉತ್ಪನ್ನದ ಮುಂಬದಿಯ ಫೋಟೋ ಜೊತೆಗೆ ಬೆನ್ನಿನ ಫೋಟೋ, ಓದಲು ಬರುವಂತೆ. ನಮೂನೆಯ ಕರಡನ್ನು ನಾವೇ ಬರೆದಿಟ್ಟಿದ್ದೇವೆ. ತಾವು ಕರೆದ ದಿನ ತಂದುಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಮಕ್ಕಳ ಚರ್ಮದ ಆರೈಕೆಯಲ್ಲಿ ತೊಡಗಿರುವ ಬೆಂಗಳೂರಿನ ಕೆಲವು ವೈದ್ಯರು ಮತ್ತು ಫಾರ್ಮಸಿಸ್ಟರು